ಮುಗಿದುಹೋಗುವ ಸಾಮಾನು

ಪುಣೆ
೧೨ ಜೂನ್ ೨೦೨೪

ಅಣ್ಣಾಸಾಹೇಬ ಕಾಕಾ ಅವರಿಗೆ,

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಟೈಪ್ ಮಾಡಿದ್ದು ಜಮಖಂಡಿಯಲ್ಲಿ ನೀವು ಕಾರ್ಯದರ್ಶಿಯಾಗಿರುವ ದವಾಖಾನೆ ಟ್ರಸ್ಟಿನ ಸಭೆ ಸೇರಿದಾಗ ಓದಲು. ಕೈಬರಹದ್ದು ನಿಮಗೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮೂವತ್ತೈದು ವರ್ಷದ ಪವರ್‌ಲೂಮ್ ಸದ್ದು ನಿಮ್ಮ ಕಿವಿಯನ್ನು ಹಾಳು ಮಾಡಿದೆ. ಕ್ಯಾನ್ಸರಿಗೆಂದು ದವಡೆಯ ಶಸ್ತ್ರಕ್ರಿಯೆ ಆದ ಮೇಲೆ ಚಿಗವ್ವನ ಮಾತೂ ಫೋನಿನಲ್ಲಿ ನನಗೆ ಅರ್ಥವಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಇಲ್ಲಿ ಏನು ಮಾಡುತ್ತೇನೆಂದು ನೀವು ಹಲವು ಸಲ ಕೇಳಿದ್ದೀರಿ. ಬಾಯಿಯ ಕ್ಯಾನ್ಸರಿನ ಗಂಟಿನೊಳಗೆ ನಮ್ಮ ರಕ್ತದ ಕಾವಲು ಕಣಗಳು ಹೋಗಿ ಸೇರಿರುತ್ತವೆ. ಗಂಟನ್ನು ಕೊಲ್ಲಲೆಂದು ಹೋದ ಅವು ಅಲ್ಲಿ ಸುಮ್ಮನೆ ಕೂತುಬಿಡುತ್ತವೆ. ಗಂಟು ಸುತ್ತಲಿನ ಸಕ್ಕರೆಯನ್ನೆಲ್ಲ ತಾನೇ ತಿಂದು, ಆಮ್ಲವನ್ನು ಹೊರಗೆ ಬಿಟ್ಟು, ಅವುಗಳನ್ನು ನಿಶ್ಶಕ್ತ ಮಾಡುತ್ತದೆಯೇ? ವರ್ಷಗಟ್ಟಲೆ ತಂಬಾಕು ಸುಣ್ಣ ಅಗಿದವರಲ್ಲಿ ಇದು ಬೇರೆ ಬಗೆಯಾಗಿ ನಡೆಯುತ್ತದೆಯೇ? ಇದೇ ನನ್ನ ಪ್ರಶ್ನೆ. ಇದನ್ನು ಕೇಳಲು ನಮ್ಮ ಕಡೆಯ ನೇಕಾರರಿಗಿಂತ, ಗಾಣದಲ್ಲಿ ದುಡಿಯುವವರಿಗಿಂತ ಸರಿಯಾದ ಜನ ನನಗೆ ಗೊತ್ತಿಲ್ಲ.

ಕೇಂದ್ರದ ಅನುದಾನ ಮಂಡಳಿ ದೊಡ್ಡ ಮೊತ್ತ ಕೊಡುತ್ತದೆ. ಅದಕ್ಕೆ ಮೊದಲು ನಲವತ್ತು ರೋಗಿಗಳ ಫಲಿತಾಂಶ ತೋರಿಸಬೇಕು. ಆ ಫಲಿತಾಂಶ ಪಡೆಯಲು ನಾಲ್ಕು ಲಕ್ಷದ ರಾಸಾಯನಿಕ ಬೇಕು. ಅದಕ್ಕೆ ಹಣ ಕೇಳಿದರೆ, ಮೊದಲು ಫಲಿತಾಂಶ ತೋರಿಸಿ ಎನ್ನುತ್ತಾರೆ. ಮೂರು ವರ್ಷದಿಂದ ಈ ವೃತ್ತದಲ್ಲೇ ತಿರುಗುತ್ತಿದ್ದೇನೆ. ಮುಂದಿನ ವರ್ಷದ ಜುಲೈ ಕೊನೆಯೊಳಗೆ ಅರ್ಜಿ ಹೋಗದಿದ್ದರೆ ಆ ಡಿಸೆಂಬರಿನಲ್ಲಿ ನನ್ನ ಪ್ರಯೋಗಾಲಯ ಮುಚ್ಚುತ್ತದೆ. ಟ್ರಸ್ಟು ಆ ನಾಲ್ಕು ಲಕ್ಷ ಕೊಟ್ಟರೆ ವೃತ್ತ ಒಂದು ಕಡೆ ಕಡಿಯುತ್ತದೆ.

ಇದರಿಂದ ಚಿಗವ್ವನಿಗೆ ಗುಣವಾಗುವುದೇ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಿ.

ನಿಮ್ಮ
ಪ್ರತಿಮಾ

ರಬಕವಿ
೩ ಜುಲೈ ೨೦೨೪

ಚಿ. ಪ್ರತಿಮಾಗೆ ಆಶೀರ್ವಾದ.

ಸಭೆ ನಿನ್ನೆ ಆಯಿತು. ನಿನ್ನ ಕಾಗದವನ್ನು ಪೂರ್ತಿ ಓದಿದೆ. ಎಲ್ಲರೂ ಮೆಚ್ಚಿದರು, ನಮ್ಮ ಭಾಗದ ಹುಡುಗಿ ಎಂದು ಎರಡು ಸಲ ಹೇಳಿದರು. ಆಮೇಲೆ ಅಧ್ಯಕ್ಷ ಬಸಗೊಂಡಪ್ಪನವರು ಆ ರಾಸಾಯನಿಕ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿದರು. ಪರೀಕ್ಷೆ ಮಾಡಿದ ದಿನವೇ ಮುಗಿಯುತ್ತದೆ ಎಂದೆ.

‘ಅಣ್ಣಾ, ಮುಗದ ಹೋಗೂ ಸಾಮಾನಿನ ಮ್ಯಾಲ ಹೆಸರ ಎಲ್ಲಿ ಬರಸೂದೋ?’ ಎಂದರು.

ಯಾರೂ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ನಿನಗೆ ನಮ್ಮ ಪದ್ಧತಿ ಗೊತ್ತು. ಕೊಟ್ಟವರ ಹೆಸರು ಕೊಟ್ಟದ್ದರ ಮೇಲೆ ಇರಬೇಕು. ಬನಹಟ್ಟಿಯ ನಮ್ಮ ದವಾಖಾನೆಯಲ್ಲಿ ರೋಗಿಗಳು ಕೂರುವ ಬಾಕಿನ ಮೇಲೆ ಹೆಸರಿದೆ, ನೀರಿನ ಟಾಕಿಯ ಮೇಲೆ ಹೆಸರಿದೆ. ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಒಂದೇ ಮನೆತನದ ಮೂರು ತಲೆಮಾರಿನ ಹೆಸರಿವೆ. ತಿರುಗುವಾಗ ಯಾವುದೂ ಓದಲು ಬರುವುದಿಲ್ಲ. ಆ ಮಾತನ್ನು ನಾನು ಸಭೆಯಲ್ಲಿ ಎತ್ತಲಿಲ್ಲ.

ಕೊನೆಗೆ ಸದಸ್ಯ ಸಾಬಣ್ಣ ಒಂದು ದಾರಿ ಹೇಳಿದ: ಯಂತ್ರ ಏನಾದರೂ ಬೇಕಿದ್ದರೆ ಕೊಡೋಣ, ಎಂಟು ಲಕ್ಷದವರೆಗೆ ಅಡ್ಡಿಯಿಲ್ಲ. ನೀನು ಕೇಳಿದ್ದಕ್ಕಿಂತ ಇಮ್ಮಡಿ ಎಂದು ಎಲ್ಲರಿಗೂ ಸಂತೋಷವಾಯಿತು. ನಡಾವಳಿಯಲ್ಲಿ ಬರೆದುಕೊಂಡು ಬಂದೆ.

ಯಾವ ಯಂತ್ರ ಎಂದು ತಿಳಿಸು. ನಿನ್ನ ಚಿಗವ್ವ ಗಂಜಿ ಕುಡಿಯುತ್ತಾಳೆ. ಉತ್ತರದಲ್ಲಿ ತನಗೆಂದು ಬೇರೆ ಎರಡು ಸಾಲು ಇರಬೇಕಂತೆ.

ಅಣ್ಣಾಸಾಹೇಬ

ಪುಣೆ
೧೫ ಜುಲೈ ೨೦೨೪

ಕಾಕಾ,

ನಿಮ್ಮ ಪತ್ರ ಓದಿ ಒಂದು ವಾರ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಸರಿಯಾಗಿ ಬರೆಯುತ್ತಿರಲಿಲ್ಲ.

ವಿಜ್ಞಾನದಲ್ಲಿ ಹಣ ಖರ್ಚಾಗುವುದೇ ಮುಗಿದುಹೋಗುವ ಸಾಮಾನಿಗೆ. ಉಳಿಯುವುದು ಒಂದು ಹಾಳೆಯ ಮೇಲಿನ ಅಂಕಿಗಳು. ಅದನ್ನು ನಿಮ್ಮ ಅಧ್ಯಕ್ಷರಿಗೆ ಹೇಗೆ ಹೇಳಬೇಕೆಂದು ನನಗೆ ಗೊತ್ತಿಲ್ಲ. ದಿಲ್ಲಿಯವರಿಗೂ ಹೇಳಲು ಆಗಿಲ್ಲ.

ಹಾಗಾದರೆ ಡೀಪ್ ಫ್ರೀಜರ್ ಕೊಡಲಿ. ಮನೆಯಲ್ಲಿರುವಂಥದ್ದಲ್ಲ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇಡುವಂಥದ್ದು. ಪ್ರತಿ ಗುರುವಾರ ಬೆಳಗಾವಿಯಿಂದ ನಿಮ್ಮ ದವಾಖಾನೆಗೆ ಬರುವ ಡಾ. ಧರ್ಮರಾಜ ಅವರ ಜೊತೆ ಮಾತಾಡಿದ್ದೇನೆ. ತಪಾಸಣೆಗೆಂದು ಗಂಟಿನ ತುಣುಕು ತೆಗೆಯುವಾಗ, ರೋಗಿ ಒಪ್ಪಿ ಸಹಿ ಮಾಡಿದರೆ, ಅದರಲ್ಲೇ ಒಂದು ಕಾಳಿನಷ್ಟು ನಮಗೆ ಇಡುತ್ತಾರೆ. ನರ್ಸ್ ಮನೀಷಾ ಅದನ್ನು ಟ್ಯೂಬಿಗೆ ಹಾಕಿ ಫ್ರೀಜರಿನಲ್ಲಿ ಇಡಬೇಕು. ನಲವತ್ತು ಸೇರಿದ ಮೇಲೆ ಎಲ್ಲವನ್ನೂ ಒಂದೇ ಸಲ ಪರೀಕ್ಷಿಸಬೇಕು. ಬೇರೆ ಬೇರೆ ದಿನ ಮಾಡಿದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ರಾಸಾಯನಿಕಕ್ಕೆ ಇಲ್ಲಿ ಎಲ್ಲಾದರೂ ಬೇಡುತ್ತೇನೆ.

ಚಿಗವ್ವನಿಗೆ ಎರಡು ಸಾಲು: ನಿನ್ನ ಅಕ್ಷರ ಕಂಡು ಆರು ತಿಂಗಳಾಯಿತು. ಮಾತಿಗೆ ತೊಂದರೆಯಿರಬಹುದು, ಕೈಗೇನಾಗಿದೆ?

ಪ್ರತಿಮಾ

ರಬಕವಿ
೨೦ ಸೆಪ್ಟೆಂಬರ್ ೨೦೨೪

ಚಿ. ಪ್ರತಿಮಾ,

ಯಂತ್ರ ಬಂದು ಹದಿನೆಂಟು ದಿನವಾಯಿತು. ದವಾಖಾನೆಯ ಒಳಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಕದದ ಮೇಲೆ ಕೆಂಪು ಬಣ್ಣದಲ್ಲಿ ಬಸಗೊಂಡಪ್ಪನವರ ತಂದೆ ತಾಯಿಯ ಹೆಸರು ಬರೆಸಿದ್ದಾರೆ. ಅಕ್ಷರ ಛಲೋ ಬಂದಿವೆ.

ಆದರೆ ಶುರು ಮಾಡಲು ಬಿಡುತ್ತಿಲ್ಲ. ಉದ್ಘಾಟನೆಗೆ ಒಬ್ಬ ಮಾನ್ಯರನ್ನು ಕರೆದಿದ್ದಾರೆ. ಅವರು ಗುಂಡಿ ಒತ್ತುವ ತನಕ ಯಾರೂ ಮುಟ್ಟಕೂಡದೆಂದು ಠರಾವು ಆಗಿದೆ. ಮಾನ್ಯರು ಎರಡು ದಿನಾಂಕ ಕೊಟ್ಟು ಎರಡನ್ನೂ ಮುಂದೆ ಹಾಕಿದರು. ನಾನು ಕೇಳಿದಾಗ ಬಸಗೊಂಡಪ್ಪನವರು, ‘ಕ್ಯಾನ್ಸರ ಎಲ್ಲಿ ಓಡಿ ಹೊಕ್ಕೈತೋ, ಇಲ್ಲೇ ಇರತೈತಿ’ ಎಂದರು.

ನಿನ್ನ ಚಿಗವ್ವನ ಕೊರಳಲ್ಲಿ ಮತ್ತೆ ಗಂಟು ಕಾಣಿಸಿದೆ. ಮುಂದಿನ ತಿಂಗಳು ಧರ್ಮರಾಜ ಡಾಕ್ಟರು ತುಣುಕು ತೆಗೆಯುವವರಿದ್ದಾರೆ. ಅವಳು ಪಾಟಿಯ ಮೇಲೆ ಬರೆದು ತೋರಿಸಿದಳು: ‘ನಂದೂ ಪ್ರತಿಮಾಗ ಇಡ್ರಿ.’

ಅಣ್ಣಾಸಾಹೇಬ

ಪುಣೆ
೨ ಅಕ್ಟೋಬರ್ ೨೦೨೪

ಕಾಕಾ,

ಹೋದ ಗುರುವಾರ ಇಬ್ಬರು, ಅದಕ್ಕೂ ಹಿಂದಿನ ಗುರುವಾರ ಮೂವರು ರೋಗಿಗಳು ಬಂದಿದ್ದರೆಂದು ಮನೀಷಾ ಹೇಳಿದಳು. ಐವರೂ ಸಹಿ ಮಾಡಲು ಸಿದ್ಧರಿದ್ದರು. ಇಡಲು ಜಾಗವಿಲ್ಲದೆ ಆ ತುಣುಕುಗಳು ಹೋದವು. ಎಂಟು ಲಕ್ಷದ ಯಂತ್ರ ಪಕ್ಕದ ಕೋಣೆಯಲ್ಲಿತ್ತು.

ನೀವು ಠರಾವು ಮೀರಿದವರಲ್ಲ, ಗೊತ್ತು. ಆದರೂ ಕೇಳುತ್ತೇನೆ. ಹಿಂಬದಿಯ ಪ್ಲಾಸ್ಟಿಕ್ ಮಾತ್ರ ಸರಿಸಿ, ಪ್ಲಗ್ ಹಾಕಿಬಿಡಿ. ಆ ಕೋಣೆಗೆ ಟ್ರಸ್ಟಿನವರು ಯಾರೂ ಬರುವುದಿಲ್ಲ. ನಿಮ್ಮನ್ನು, ಮನೀಷಾಳನ್ನು, ಡಾಕ್ಟರನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿಯುವ ಅಗತ್ಯವಿಲ್ಲ. ಹೇಗೆ ಇಡಬೇಕೆಂದು ಹನ್ನೆರಡು ಸಾಲಿನ ಸೂಚನೆ ಬರೆದು ಇದರ ಜೊತೆ ಇಟ್ಟಿದ್ದೇನೆ.

ಚಿಗವ್ವನ ವಿಷಯಕ್ಕೆ ನಾನು ಏನೂ ಬರೆಯುತ್ತಿಲ್ಲ. ದೀಪಾವಳಿಗೆ ಬರುತ್ತೇನೆ.

ಪ್ರತಿಮಾ

ರಬಕವಿ
೧೮ ನವೆಂಬರ್ ೨೦೨೪

ಚಿ. ಪ್ರತಿಮಾ,

ಅಕ್ಟೋಬರಿನಲ್ಲಿ ಪ್ಲಗ್ ಹಾಕಿದಂದಿನಿಂದ, ನೀನು ಬಂದು ಹೋದ ಮೇಲೂ, ಯಂತ್ರ ನಿಲ್ಲದೆ ನಡೆದಿದೆ. ಕರೆಂಟು ಹೋದರೆ ದವಾಖಾನೆಯ ಜನರೇಟರು ತಾನೇ ಹತ್ತಿಕೊಳ್ಳುತ್ತದೆ. ಮುಂದಿನ ಪ್ಲಾಸ್ಟಿಕ್ ಹಾಗೆಯೇ ಇದೆ. ಟ್ರಸ್ಟಿನ ಸಭೆಯಲ್ಲಿ ಉದ್ಘಾಟನೆಯ ಮಾತು ಬಂದಾಗಲೆಲ್ಲ ನನ್ನ ಕಿವಿ ಕೇಳಿಸದಿರುವುದು ಉಪಯೋಗಕ್ಕೆ ಬರುತ್ತದೆ.

ಹದಿನಾಲ್ಕು ತುಣುಕು ಆದವು. ಒಂಬತ್ತನೆಯ ನಂಬರಿನದು ಅವಳದು. ಟ್ಯೂಬಿನ ಮೇಲೆ ಹೆಸರು ಬರೆಯಕೂಡದೆಂದು ಮನೀಷಾ ಹೇಳಿದಳು. ಆಗಲಿ ಎಂದೆ.

ಅಣ್ಣಾಸಾಹೇಬ

ಪುಣೆ
೨೬ ಜನವರಿ ೨೦೨೫

ಕಾಕಾ,

ಚಿಗವ್ವನನ್ನು ಮಣ್ಣು ಮಾಡಿದ ಮರುದಿನವೇ ನಾನು ಬಸ್ಸು ಹತ್ತಿದ್ದು ತಪ್ಪು. ಇಲ್ಲಿ ಮರುದಿನ ಒಂದು ಸಭೆಯಿತ್ತು. ಆ ಸಭೆಯೂ ನಡೆಯಲಿಲ್ಲ.

ನೀವು ಒಂದು ಹೊತ್ತಾದರೂ ಸರಿಯಾಗಿ ಉಣ್ಣಿ. ಪಕ್ಕದ ಮನೆಯ ರಾಜೇಶ್ವರಿ ಅಕ್ಕ ಊಟದ ಡಬ್ಬಿ ಕಳಿಸುತ್ತೇನೆ ಅಂದಿದ್ದಾಳೆ. ಬೇಡ ಅನ್ನಬೇಡಿ.

ಪ್ರತಿಮಾ

ಪುಣೆ
೨೮ ಮಾರ್ಚ್ ೨೦೨೫

ಕಾಕಾ,

ಎರಡು ತಿಂಗಳಿಂದ ನಿಮ್ಮ ಪತ್ರವಿಲ್ಲ. ನೀವು ಪ್ರತಿ ಗುರುವಾರ ದವಾಖಾನೆಗೆ ಹೋಗುತ್ತೀರೆಂದೂ, ಹೆರಿಗೆಗೆ ಬೀಳಗಿಯ ತವರಿಗೆ ಹೋಗುವ ಮೊದಲು ಮನೀಷಾ ತುಣುಕು ಇಡುವ ಕೆಲಸವನ್ನು ನಿಮಗೇ ಕಲಿಸಿದಳೆಂದೂ ತಿಳಿಯಿತು. ನಲವತ್ತಕ್ಕೆ ಎರಡೇ ಕಡಿಮೆ ಇವೆಯಂತೆ.

ಇಲ್ಲಿ ಒಂದು ಒಳ್ಳೆಯ ಸುದ್ದಿ. ನಮ್ಮ ಸಂಸ್ಥೆಯವರೇ ರಾಸಾಯನಿಕದ ಹಣ ಕೊಡಲು ಒಪ್ಪಿದ್ದಾರೆ. ಹನ್ನೊಂದು ಸಲ ಅರ್ಜಿ ಬರೆದೆ. ಸಾಮಾನು ಏಪ್ರಿಲ್ ಕೊನೆಗೆ ಬರುತ್ತದೆ. ಅದಕ್ಕೆ ಆಯುಷ್ಯ ಮೂರೇ ತಿಂಗಳು. ಮೇ ಐದರಂದು ಒಣ ಐಸಿನ ಪೆಟ್ಟಿಗೆ ಹಿಡಿದು ನಾನೇ ಬನಹಟ್ಟಿಗೆ ಬಂದು ಎಲ್ಲವನ್ನೂ ಒಯ್ಯುತ್ತೇನೆ. ಜುಲೈ ಕೊನೆಗೆ ಅರ್ಜಿ ಹೋಗುತ್ತದೆ.

ಇಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲವೂ ಒಂದೇ ತಿಂಗಳಲ್ಲಿ ಕೂಡಿ ಬಂದಿವೆ.

ನಿಮ್ಮ
ಪ್ರತಿಮಾ

ರಬಕವಿ
೨೪ ಏಪ್ರಿಲ್ ೨೦೨೫

ಚಿ. ಪ್ರತಿಮಾಗೆ ಆಶೀರ್ವಾದ.

ನಿನಗೆ ಸಂತೋಷದ ಸುದ್ದಿ ಬರೆಯುತ್ತಿದ್ದೇನೆ. ಉದ್ಘಾಟನೆ ಅಂತೂ ಆಯಿತು. ಇನ್ನು ಮುಚ್ಚುಮರೆ ಬೇಕಿಲ್ಲ.

ಮಾನ್ಯರು ಇಪ್ಪತ್ತನೆಯ ತಾರೀಖು ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆಂದು ಶುಕ್ರವಾರ ಹೇಳಿ ಕಳಿಸಿದರು. ನನಗೆ ದೊಡ್ಡ ಚಿಂತೆ ನಿನ್ನದೇ. ಆರು ತಿಂಗಳಿಂದ ನಡೆಯುತ್ತಿರುವ ಯಂತ್ರವನ್ನು ಎಲ್ಲರ ಎದುರು ತೆರೆದರೆ ಒಳಗೆ ತುಣುಕುಗಳಿರುತ್ತವೆ, ಠರಾವು ಮುರಿದವರು ಯಾರು ಎಂಬ ಪ್ರಶ್ನೆ ಬರುತ್ತದೆ, ನಿನ್ನ ಹೆಸರು ಬರುತ್ತದೆ. ಆದ್ದರಿಂದ ಭಾನುವಾರ ನಸುಕಿನಲ್ಲೇ ಹೋಗಿ ಪ್ಲಗ್ ತೆಗೆದೆ. ಒಳಗಿನ ಹಿಮವನ್ನೆಲ್ಲ ಒರೆಸಿ ಒಣಗಿಸಿದೆ. ತುಣುಕಿನ ಪೆಟ್ಟಿಗೆಗಳನ್ನು ಲಸಿಕೆಯ ಫ್ರಿಜ್ಜಿನಲ್ಲಿ, ಮೇಲಿನ ಖಾನೆಯಲ್ಲಿ ಇಟ್ಟೆ. ಬಿಸಿಲು ಬಹಳ, ಫ್ರಿಜ್ಜಿನ ಕದ ತೆರೆದು ಮುಚ್ಚುತ್ತಿರುತ್ತಾರೆಂದು ಒದ್ದೆ ಅರಿವೆಯನ್ನೂ ಸುತ್ತಿದ್ದೆ.

ಮಾನ್ಯರು ಅಂದು ಬರಲಿಲ್ಲ. ಸೋಮವಾರ ಮಧ್ಯಾಹ್ನ ಬಂದರು. ಹಾರ, ಕಾಯಿ ಎಲ್ಲ ಆಯಿತು. ಗುಂಡಿ ಒತ್ತಿದರು, ಹಸಿರು ದೀಪ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬಸಗೊಂಡಪ್ಪನವರು ಒಳಗೆ ಕೈಯಿಟ್ಟು ನೋಡಿ, ‘ಥಂಡ ಇನ್ನೂ ಹಿಡದಿಲ್ಲ’ ಎಂದರು. ಹೊಸದರಿ, ಹೊತ್ತು ಬೇಕಾಗುತ್ತದೆ ಎಂದೆ. ಅವರ ಕಣ್ಣಲ್ಲಿ ನೀರಿತ್ತು. ತಾಯಿಯ ಹೆಸರನ್ನು ಬೆರಳಿನಿಂದ ಮುಟ್ಟಿದರು.

ಮಂಗಳವಾರ ಬೆಳಿಗ್ಗೆ ಯಂತ್ರ ಎಂಬತ್ತು ತೋರಿಸಿದ ಮೇಲೆಯೇ ಪೆಟ್ಟಿಗೆಗಳನ್ನು ಮರಳಿ ಇಟ್ಟೆ. ಟ್ಯೂಬುಗಳ ಹೊರಗೆ ನೀರು ಕೂತಿತ್ತು, ಒಂದೊಂದನ್ನೂ ಒರೆಸಿದೆ. ನಲವತ್ಮೂರೂ ಇವೆ. ಒಂದೂ ಒಡೆದಿಲ್ಲ, ಒಂದೂ ತಪ್ಪಿಲ್ಲ. ನಂಬರಿನ ಪ್ರಕಾರ ಎರಡು ಸಲ ಎಣಿಸಿದೆ. ಒಂಬತ್ತನೆಯದನ್ನು ಕೊನೆಗೆ ಇಟ್ಟೆ.

ಐದನೆಯ ತಾರೀಖು ನೀನು ಬಂದಾಗ ಮುಂಬಾಗಿಲಿನಿಂದಲೇ ಒಯ್ಯಬಹುದು.

ಅಣ್ಣಾಸಾಹೇಬ

ಪುಣೆ
೩೦ ಏಪ್ರಿಲ್ ೨೦೨೫

ಕಾಕಾ,

ಲಸಿಕೆಯ ಫ್ರಿಜ್ಜು ಸೊನ್ನೆಗಿಂತ ನಾಲ್ಕು ಡಿಗ್ರಿ ಮೇಲೆ ಇರುತ್ತದೆ. ತುಣುಕುಗಳು ಅದರಲ್ಲಿ ಎರಡು ದಿನ ಇದ್ದವು. ಕರಗಿದ ಒಂದು ಗಂಟೆಯಲ್ಲೇ ಅವುಗಳೊಳಗಿನ ಸಕ್ಕರೆ, ಆಮ್ಲ ಎಲ್ಲ ತಾವಾಗಿ ಬದಲಾಗಲು ತೊಡಗುತ್ತವೆ. ನಾನು ಅಳೆಯಬೇಕಿದ್ದದ್ದು ಅವನ್ನೇ. ಈಗ ಅಳೆದರೆ ಫ್ರಿಜ್ಜಿನ ಲೆಕ್ಕ ಸಿಗುತ್ತದೆ, ರೋಗದ್ದಲ್ಲ. ಮತ್ತೆ ಹೆಪ್ಪುಗಟ್ಟಿಸಿದರೆ ಹೋದದ್ದು ಬರುವುದಿಲ್ಲ.

ಐಸಿನ ಪೆಟ್ಟಿಗೆ ರದ್ದು ಮಾಡಿದ್ದೇನೆ. ರಾಸಾಯನಿಕ ನಿನ್ನೆ ಬಂತು. ಜುಲೈಯೊಳಗೆ ಇನ್ನೊಮ್ಮೆ ನಲವತ್ತು ಜನ ಸಿಗುವುದಿಲ್ಲ.

ಒಂದು ಕಪಾಟಿಗೆ ಹಾರ ಹಾಕಲು ನಲವತ್ಮೂರು ಜನರ ಮೈಯಿಂದ ತೆಗೆದದ್ದನ್ನು ಹಾಳು ಮಾಡಿದಿರಿ. ಯಾರದಾದರೂ ಫೋನಿನಿಂದ ನನಗೆ ಒಂದು ಸಾಲು ಕಳಿಸಬಹುದಿತ್ತು.

ಪ್ರತಿಮಾ

ರಬಕವಿ
೬ ಮೇ ೨೦೨೫

ಪ್ರತಿಮಾ,

ನಿನ್ನ ಪತ್ರ ಮುಟ್ಟಿತು.

ಒಂಬತ್ತನೆಯದೂ ಹೋಯಿತೇ? ಇಷ್ಟಕ್ಕೆ ಉತ್ತರ ಬರೆ.

ಅಣ್ಣಾಸಾಹೇಬ

ಪುಣೆ
೧೨ ಮೇ ೨೦೨೫

ಕಾಕಾ,

ಹೌದು.

ಅಕ್ಟೋಬರಿನಲ್ಲಿ ನಿಮಗೆ ಕಳಿಸಿದ ಸೂಚನೆಯ ಪ್ರತಿಯನ್ನು ಇವತ್ತು ತೆಗೆದು ಓದಿದೆ. ಹನ್ನೆರಡು ಸಾಲೂ ಒಳಗೆ ಇಡುವುದನ್ನು ಕುರಿತಿವೆ. ಹೊರಗೆ ತೆಗೆಯಬಾರದೆಂದು ಒಂದು ಕಡೆಯೂ ಬರೆದಿಲ್ಲ.

ಪ್ರತಿಮಾ

ರಬಕವಿ
೧೪ ಜುಲೈ ೨೦೨೫

ಚಿ. ಪ್ರತಿಮಾ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಏನು ಮಾಡಿದೆನೆಂದು ತಿಳಿಸುತ್ತೇನೆ.

ಜೂನ್ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಯಂತ್ರ ಮೊದಲೇ ನಡೆಯುತ್ತಿತ್ತು, ನಾನೇ ಪ್ಲಗ್ ಹಾಕಿದ್ದೆ, ನಾನೇ ತೆಗೆದೆ ಎಂದು. ನಿನ್ನ ಹೆಸರು ಎತ್ತಲಿಲ್ಲ. ಬಸಗೊಂಡಪ್ಪನವರು ‘ಇದನ್ನ ನಡಾವಳ್ಯಾಗ ಬರೀಬ್ಯಾಡ ಅಣ್ಣಾ’ ಎಂದರು. ಬರೆದೆ. ಈಗ ನಾನು ಕಾರ್ಯದರ್ಶಿಯಲ್ಲ. ನೀನು ಮೊದಲು ಕೇಳಿದ ನಾಲ್ಕು ಲಕ್ಷದ ಮಾತನ್ನೂ ಕೊನೆಗೆ ಎತ್ತಿದೆ. ಮುಂದಿನ ಸಭೆಗೆ ಹಾಕಿದ್ದಾರೆ.

ಸಹಿ ಮಾಡಿದವರ ಪಟ್ಟಿ ಧರ್ಮರಾಜ ಡಾಕ್ಟರ ಹತ್ತಿರವಿತ್ತು. ನಾನು ಬರಬಹುದೇ ಎಂದು ಅವರು ಒಂದೊಂದು ಮನೆಯನ್ನೂ ಕೇಳಿ, ಎಲ್ಲರೂ ಹೂಂ ಅಂದ ಮೇಲೆ ವಿಳಾಸ ಕೊಟ್ಟರು. ಆ ಮನೆಗಳಿಗೆ ಹೋಗುತ್ತಿದ್ದೇನೆ. ಕೊಟ್ಟವರಿಗೆ ಕೊಟ್ಟದ್ದು ಏನಾಯಿತೆಂದು ಗೊತ್ತಿರಬೇಕು. ನಮ್ಮ ಮನೆ ಬಿಟ್ಟು ನಲವತ್ತೆರಡರಲ್ಲಿ ಇಪ್ಪತ್ತೈದು ಆದವು. ಬನಹಟ್ಟಿ, ಮುಧೋಳ, ಬೀಳಗಿಯ ಕಡೆ ಎರಡು ಹಳ್ಳಿ. ಹನ್ನೊಂದು ಮನೆಗಳಲ್ಲಿ ಕೊಟ್ಟವರು ಈಗ ಇಲ್ಲ.

ಕೆಲವರಿಗೆ ಕೊಟ್ಟದ್ದೇ ನೆನಪಿಲ್ಲ. ಒಬ್ಬರು ಪರಿಹಾರ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಮುಧೋಳದಲ್ಲಿ ಒಬ್ಬಾತ ಒಳಗೆ ಕರೆಯಲಿಲ್ಲ. ಬನಹಟ್ಟಿಯ ಹುಲೆಪ್ಪ ನನ್ನ ಜೊತೆ ಒಂದೇ ಶೆಡ್ಡಿನಲ್ಲಿ ನೇಯ್ದವನು. ಅರ್ಧ ದವಡೆ ತೆಗೆದಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ‘ತುಣುಕಿಗಿಂತ ನಾನ ಛಲೋ ಉಳದೇನಿ ತಗೋ’ ಎಂದು ನಕ್ಕ. ಅವನ ಹೆಂಡತಿ ಚಹಾ ತಂದಳು. ನಾವಿಬ್ಬರೂ ಲೂಮಿನ ಮಾತಾಡಿದೆವು. ಅವನ ಮಾತು ತೊದಲು, ನನ್ನ ಕಿವಿ ಮಂದ. ಯಾರು ಏನು ಹೇಳಿದರೋ.

ನಿನ್ನೆ ತೇರದಾಳಕ್ಕೆ ಹೋಗಿದ್ದೆ. ಮುತ್ತಪ್ಪ ಎಂಬುವವರ ಮನೆ. ಅವರು ಮಾರ್ಚಿನಲ್ಲಿ ಹೋದರು. ಹೆಂಡತಿ ಸಾತವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ. ಬೈದರೆ ಬೈಯಲಿ ಎಂದು ಕೂತಿದ್ದೆ. ಅವರು ಬೈಯಲಿಲ್ಲ. ಮತ್ತೆ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದರು. ಹೊಸದಾಗಿ ಬೇಕಾಗುತ್ತದೆ ಎಂದೆ.

‘ಈಗ ಯಾರ್ದು ಕೊಡ್ಲಿರಿ?’ ಎಂದರು.

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೇ ಕೇಳಿದರು. ಮೂರೂವರೆಯ ಬಸ್ಸಿಗೆ ಬಂದುಬಿಟ್ಟೆ.

ಇನ್ನು ಹದಿನೇಳು ಮನೆ ಉಳಿದಿವೆ.

ಅಣ್ಣಾಸಾಹೇಬ

ಪುಣೆ
೪ ಆಗಸ್ಟ್ ೨೦೨೫

ಕಾಕಾ ಅವರಿಗೆ,

ಜುಲೈ ಮೂವತ್ತೊಂದು ದಾಟಿತು. ನಾನು ಅರ್ಜಿ ಕಳಿಸಲಿಲ್ಲ. ಕರಗಿದ ತುಣುಕುಗಳನ್ನೇ ಪರೀಕ್ಷೆ ಮಾಡಿ ಬಂದ ಅಂಕಿಗಳನ್ನು ಬರೆಯಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಇಲ್ಲಿ ಒಬ್ಬರು ಸಲಹೆ ಕೊಟ್ಟರು. ಅದು ನಿಜ, ತಿಳಿಯುವುದಿಲ್ಲ. ಒಂದು ಇಡೀ ದಿನ ಅದನ್ನು ಯೋಚಿಸಿದೆ ಎಂದು ನಿಮಗೆ ಹೇಳಬೇಕು. ಆ ದಿನವೇ ನಿಮ್ಮ ಪತ್ರ ಬಂತು.

ರಾಸಾಯನಿಕದ ಆಯುಷ್ಯ ಹೋದ ಮಂಗಳವಾರ ಮುಗಿಯಿತು. ಡಬ್ಬಿಗಳನ್ನು ಒಡೆಯದೆಯೇ ಚೆಲ್ಲಿದೆವು. ಡಿಸೆಂಬರಿನಲ್ಲಿ ಈ ಕೋಣೆಯನ್ನು ಬೇರೆಯವರಿಗೆ ಕೊಡುತ್ತಾರೆ. ಆಮೇಲೆ ನಾನು ಬೇರೊಬ್ಬರ ಪ್ರಯೋಗಾಲಯದಲ್ಲಿ ಬೇರೊಂದು ಪ್ರಶ್ನೆಯ ಮೇಲೆ ಕೆಲಸ ಮಾಡುತ್ತೇನೆ. ನನ್ನ ಪ್ರಶ್ನೆಯನ್ನು ಮಂಡಳಿಗೆ ಮುಂದಿನ ವರ್ಷ ಮತ್ತೆ ಕಳಿಸುತ್ತೇನೆ. ನಲವತ್ತು ಎಲ್ಲಿ ಎಂದು ಅವರು ಕೇಳುತ್ತಾರೆ.

ನೀವು ಎಲ್ಲ ಮನೆಗಳಲ್ಲೂ ಅರ್ಧ ಸತ್ಯ ಹೇಳಿದ್ದೀರಿ. ಗುಟ್ಟಾಗಿ ಪ್ಲಗ್ ಹಾಕಲು ಹೇಳಿದವಳು ನಾನು. ಗುಟ್ಟಿಲ್ಲದಿದ್ದರೆ ನೀವು ಅದನ್ನು ಖಾಲಿ ಮಾಡುತ್ತಲೇ ಇರಲಿಲ್ಲ. ಏಪ್ರಿಲ್ ಪತ್ರದಲ್ಲಿ ಹಾರದ ಮಾತು ಬರೆದಾಗಲೂ ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಶನಿವಾರ ಹೊರಟು ಭಾನುವಾರ ಬೆಳಿಗ್ಗೆ ರಬಕವಿಗೆ ಬರುತ್ತೇನೆ. ಹತ್ತು ದಿನ ರಜೆ ಹಾಕಿದ್ದೇನೆ. ಅಲ್ಲಿಯ ತನಕ ಉಳಿದ ಹದಿನೇಳು ಮನೆಗಳಿಗೆ ನೀವು ಒಬ್ಬರೇ ಹೋಗಬೇಡಿ. ಮುಗಿಸಿದ ಇಪ್ಪತ್ತೈದಕ್ಕೂ ಮತ್ತೆ ಹೋಗಬೇಕು, ಉಳಿದರ್ಧ ಹೇಳಬೇಕು. ಮೊದಲು ತೇರದಾಳಕ್ಕೆ ಹೋಗೋಣ. ಸಾತವ್ವನವರು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ, ಕಾಕಾ. ಇಲ್ಲವೆಂಬುದನ್ನು ಅವರ ಎದುರು ಕೂತು ಹೇಳಬೇಕಾದವಳು ನಾನು.

ನಿಮ್ಮ
ಪ್ರತಿಮಾ